ಫ್ರೆಡ್ಡಿಯ ಜಪಾನು, ನಮ್ಮ ಅತ್ತೆ

ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಮಂಚ. ಮೂರರಲ್ಲಿ ನಾವು, ಅಂದರೆ ಈ ಬರಹದ ‘ನಾವು’. ಒಬ್ಬ ಸಾಗರದವನು, ಒಬ್ಬ ಹಾಸನದವನು, ಒಬ್ಬ ಬೆಂಗಳೂರಿನವನು. ಮೆಕ್ಯಾನಿಕಲ್, ಸಿವಿಲ್, ಇ.ಸಿ. ಅಂತ ಬ್ರಾಂಚ್ ಬೇರೆ ಬೇರೆಯಾದರೂ ಬ್ಯಾಕ್‌ಲಾಗ್ ಮಾತ್ರ ಮೂವರಿಗೂ ಒಂದೇ, ಎಂ-3. ನಾಲ್ಕನೇ ಮಂಚ ಜಾರ್ಖಂಡಿನಿಂದ ಬಂದವನದು. ಹೆಸರು ಹಾಕಬೇಡಿ ಅಂತ ಅವನೇ ಹೇಳಿದ್ದಾನೆ. ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತೆ. ನಮ್ಮ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಾನೆ, ಹಾಗಾಗಿ ಇಲ್ಲಿ ಕೀಬೋರ್ಡಿನವನು ಅಂತಲೇ ಇರಲಿ.

ಮೂರನೇ ಸೆಮ್ ಶುರುವಾದಾಗ ಅವನು ತನ್ನ ಮಂಚದ ಮೇಲಿನ ಗೋಡೆಗೆ ಒಂದು ಕಲರ್ ಜೆರಾಕ್ಸ್ ಅಂಟಿಸಿದ. ಒಂದು ಮರದ ಸೇತುವೆ, ಧೋ ಅಂತ ಮಳೆ, ಬಗ್ಗಿಕೊಂಡು ಓಡುತ್ತಿರುವ ನಾಲ್ಕೈದು ಜನ. ಮೇಲೆ ಕರೀ ಮೋಡ, ಕೆಳಗೆ ನೀಲಿ ಹೊಳೆ. ಯಾವುದೋ ಅನಿಮೆಯ ಸ್ಕ್ರೀನ್‌ಶಾಟ್ ಅಂದುಕೊಂಡು ನಾವು ಯಾವ ಸೀರೀಸ್ ಅಂತ ಕೇಳಿದೆವು. “ಫ್ರೆಡ್ಡಿ ಕೇ ಘರ್ ಕಾ ಹೈ” ಅಂದ. ಫ್ರೆಡ್ಡಿಯ ಮನೆಯದು. ಯಾವ ಫ್ರೆಡ್ಡಿ? ಇರೋದು ಒಬ್ಬನೇ ಫ್ರೆಡ್ಡಿ ಅಲ್ವಾ ಅನ್ನುವ ಹಾಗೆ ನಮ್ಮನ್ನೇ ನೋಡಿದ.

ಕ್ವೀನ್ ಬ್ಯಾಂಡಿನ ಫ್ರೆಡ್ಡಿ ಮರ್ಕ್ಯುರಿ. ನಮಗೂ ಗೊತ್ತಿದ್ದವನೇ. ಮೀಸೆ, ಬಿಳಿ ಬನಿಯನ್ನು, ಅರ್ಧ ಮೈಕ್ ಸ್ಟ್ಯಾಂಡು, ಲೈವ್ ಏಡ್. 2018ರ ಸಿನಿಮಾವನ್ನು ಎಲ್ಲರೂ ಲ್ಯಾಪ್‌ಟಾಪಿನಲ್ಲಿ ನೋಡಿದವರೇ. ಪಾರ್ಸಿ ಹುಡುಗ, ಜಾಂಜಿಬಾರಿನಲ್ಲಿ ಹುಟ್ಟಿ ಪಂಚಗನಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದ ಫರೂಖ್ ಬಲ್ಸಾರಾ, ಅನ್ನುವವರೆಗೆ ಕ್ವಿಜ್‌ಗೆ ಬೇಕಾದಷ್ಟು ತಿಳಿದಿತ್ತು. (ಏಕವಚನಕ್ಕೆ ಕ್ಷಮೆ ಇರಲಿ. ತುಂಬಾ ಇಷ್ಟವಾದವರನ್ನು ಕನ್ನಡದಲ್ಲಿ ಅವನು ಅಂತಲೇ ಅನ್ನುತ್ತೇವೆ. ಅಣ್ಣಾವ್ರ ಕೇಸು ಬೇರೆ.) ಅವನಿಗೂ ಜಪಾನಿಗೂ ಏನು ನಂಟು ಅಂತ ಮಾತ್ರ ಗೊತ್ತಿರಲಿಲ್ಲ. ಆಮೇಲೆ ಎರಡು ವರ್ಷ, ಬೇಡ ಅಂದರೂ ಬಿಡದೆ, ಅವನು ಅದನ್ನು ನಮಗೆ ಹೇಳುತ್ತಲೇ ಬಂದ. ನಾವೂ ಹುಡುಕಿ ಓದಿದೆವು, ಅರ್ಧ ಅವನನ್ನು ತಪ್ಪು ಅಂತ ತೋರಿಸೋಕೆ.

1975ರ ಏಪ್ರಿಲ್‌ನಲ್ಲಿ ಕ್ವೀನ್ ಮೊದಲ ಸಲ ಜಪಾನಿಗೆ ಹೋಯಿತು. ಆಗಿನ್ನೂ ‘ಬೊಹೀಮಿಯನ್ ರಾಪ್ಸಡಿ’ ಬಂದಿರಲಿಲ್ಲ. ಇಂಗ್ಲೆಂಡಿನಲ್ಲಿ ಒಂದೆರಡು ಹಿಟ್ ಇತ್ತು, ಕೈಯಲ್ಲಿ ಕಾಸಿರಲಿಲ್ಲ, ಪತ್ರಿಕೆಯವರು ಕಾಲೆಳೆಯುತ್ತಿದ್ದರು. ಟೋಕಿಯೋದ ಹಾನೆಡಾ ವಿಮಾನ ನಿಲ್ದಾಣದಲ್ಲಿ ಇಳಿದರೆ ಸಾವಿರಾರು ಹುಡುಗಿಯರು ಕಾಯುತ್ತಿದ್ದಾರೆ! ಏಪ್ರಿಲ್ 19ಕ್ಕೆ ಬುಡೋಕಾನ್ ಸಭಾಂಗಣದಲ್ಲಿ ಮೊದಲ ಕಾರ್ಯಕ್ರಮ, ಮೇ 1ಕ್ಕೆ ಮತ್ತೆ ಅಲ್ಲೇ ಕೊನೆಯದು. ಆಮೇಲೆ 1985ರವರೆಗೆ ಒಟ್ಟು ಆರು ಸಲ ಬ್ಯಾಂಡು ಜಪಾನಿಗೆ ಹೋಗಿ ಬಂತು.

ನಾವು ಮೊದಲು ಹಾಕಿದ ಲೆಕ್ಕ ಸುಲಭದ್ದು. ಊರಲ್ಲಿ ಮರ್ಯಾದೆ ಇಲ್ಲ, ಅಲ್ಲಿ ಆರತಿ ಎತ್ತುತ್ತಾರೆ, ಯಾರಿಗೆ ಇಷ್ಟವಾಗಲ್ಲ? ಕೀಬೋರ್ಡಿನವನು ಇದನ್ನು ಒಪ್ಪಲಿಲ್ಲ. “ನಾಲ್ಕು ಜನಕ್ಕೂ ಆರತಿ ಎತ್ತಿದರು ತಾನೇ? ಹುಚ್ಚು ಹಿಡಿದಿದ್ದು ಇವನಿಗೇ ಯಾಕೆ?” ಪಾಯಿಂಟು ಸರಿ ಇತ್ತು. ಉತ್ತರದ ಒಂದು ಭಾಗ ಇವನ ಓದಿನಲ್ಲಿದೆ. ಫ್ರೆಡ್ಡಿ ಲಂಡನ್ನಿನ ಈಲಿಂಗ್ ಆರ್ಟ್ ಕಾಲೇಜಿನಲ್ಲಿ ಗ್ರಾಫಿಕ್ ಡಿಸೈನ್ ಓದಿ 1969ರಲ್ಲಿ ಹೊರಬಂದವನು. ಕ್ವೀನ್ ಬ್ಯಾಂಡಿನ ಲಾಂಛನ ಬಿಡಿಸಿದ್ದು ಅವನೇ. ಗೆರೆ ನೋಡೋ ಕಣ್ಣು ಅವನಿಗಿತ್ತು. ಜಪಾನಿನಲ್ಲಿ ಅವನಿಗೆ ಕಂಡಿದ್ದು ಹುಡುಗಿಯರಷ್ಟೇ ಅಲ್ಲ, ಗೆರೆಗಳೂ ಕಂಡವು.

ಗೋಡೆ ಮೇಲಿನ ಆ ಚಿತ್ರಕ್ಕೆ ಬರೋಣ, ಯಾಕೆಂದರೆ ನಮ್ಮನ್ನು ಈ ವಿಷಯಕ್ಕೆ ಎಳೆದದ್ದು ಅದೇ. ಅದು ಹಿರೋಶಿಗೆ 1857ರಲ್ಲಿ ಮಾಡಿದ್ದು. ‘ಎಡೋ ನಗರದ ನೂರು ಪ್ರಸಿದ್ಧ ನೋಟಗಳು’ ಅನ್ನುವ ಸರಣಿಯ ಒಂದು ಹಾಳೆ, ಶಿನ್ ಓಹಾಶಿ ಸೇತುವೆ ಮೇಲೆ ದಿಢೀರ್ ಮಳೆ. ಎಡೋ ಅಂದರೆ ಈಗಿನ ಟೋಕಿಯೋ. ಮೂವತ್ತು ವರ್ಷದ ನಂತರ, 1887ರಲ್ಲಿ, ವ್ಯಾನ್ ಗೋ ಇದನ್ನೇ ಎಣ್ಣೆ ಬಣ್ಣದಲ್ಲಿ ಕಾಪಿ ಹೊಡೆದ. ಅದೂ ಚೆನ್ನಾಗಿದೆ, ಆದರೆ ಮಳೆ ಇದರಷ್ಟು ಹರಿತವಾಗಿಲ್ಲ.

ಇದು ಪೇಂಟಿಂಗ್ ಅಲ್ಲ, ಮರದ ಅಚ್ಚಿನಿಂದ ಒತ್ತಿದ ಪ್ರಿಂಟು. ನಮ್ಮ ಮೆಕ್ಯಾನಿಕಲ್‌ನವನು ಇದನ್ನು ಕೇಳಿದ ಮೇಲೆ ಎರಡು ದಿನ ಬೇರೆ ಮಾತೇ ಆಡಲಿಲ್ಲ. ಕಲಾವಿದ ತೆಳು ಕಾಗದದ ಮೇಲೆ ಗೆರೆ ಬರೆದು ಕೊಡುತ್ತಾನೆ. ಅದನ್ನು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಕೆತ್ತುವವನು ಗೆರೆಯನ್ನಷ್ಟೇ ಉಳಿಸಿ ಸುತ್ತಲಿನ ಮರವನ್ನೆಲ್ಲ ತೆಗೆಯುತ್ತಾನೆ. ಕೆತ್ತೋ ಹೊತ್ತಿಗೆ ಮೂಲ ಚಿತ್ರ ಹಾಳಾಗಿಹೋಗುತ್ತೆ, ಮೂಲ ಅನ್ನೋದೇ ಇರಲ್ಲ. ಆಮೇಲೆ ಒಂದೊಂದು ಬಣ್ಣಕ್ಕೂ ಒಂದೊಂದು ಹಲಗೆ. ಎಲ್ಲ ಬಣ್ಣವೂ ಒಂದರ ಮೇಲೊಂದು ಸರಿಯಾಗಿ ಕೂರಬೇಕಲ್ಲ, ಅದಕ್ಕೆ ಪ್ರತಿ ಹಲಗೆಯ ಅಂಚಿನಲ್ಲಿ ಎರಡು ಕಚ್ಚು ಇರುತ್ತೆ, ಮೂಲೆಯಲ್ಲಿ ಒಂದು, ಪಕ್ಕದಲ್ಲಿ ಒಂದು. ಹೆಸರು ಕೆಂತೊ. ಕಾಗದವನ್ನು ಆ ಕಚ್ಚಿಗೆ ತಾಗಿಸಿ ಇಟ್ಟು ಹಿಂದಿನಿಂದ ಉಜ್ಜುತ್ತಾರೆ. ವರ್ಕ್‌ಶಾಪಿನಲ್ಲಿ ನಾವು ಒಂದು ಡವ್‌ಟೇಲ್ ಜಾಯಿಂಟ್ ಕೂರಿಸೋಕೆ ಒದ್ದಾಡಿದ್ದು ನೆನೆಸಿಕೊಳ್ಳಿ. ಮಳೆಯ ಗೆರೆಗಳು ಕೂದಲೆಳೆಯಷ್ಟು ಸಣ್ಣ. ಅದೂ ಎರಡು ಹಲಗೆಯಲ್ಲಿ, ಸ್ವಲ್ಪ ಬೇರೆ ಬೇರೆ ಓರೆಯಲ್ಲಿ. ಅದಕ್ಕೇ ಅದು ಗೆರೆ ಎಳೆದ ಹಾಗೆ ಕಾಣದೆ ಮಳೆ ಸುರಿದ ಹಾಗೆ ಕಾಣುತ್ತೆ. ಮೇಲಿನ ಕರೀ ಮೋಡವನ್ನು ಮುದ್ರಿಸುವವನು ಪ್ರತಿ ಸಲ ಹಲಗೆ ಮೇಲೆ ಕೈಯಿಂದಲೇ ಬಣ್ಣ ಒರೆಸಿ ತಿಳಿಮಾಡಬೇಕು. ಹಾಗಾಗಿ ಒಂದು ಪ್ರತಿಯ ಮೋಡ ಇನ್ನೊಂದರ ಹಾಗಿರಲ್ಲ.

ಆ ನೀಲಿ ಇನ್ನೂ ಮಜಾ. ಹಿರೋಶಿಗೆ, ಹೊಕುಸಾಯ್ ಚಿತ್ರಗಳಲ್ಲಿ ‘ಎಷ್ಟು ಜಪಾನೀ!’ ಅನ್ನಿಸುವ ನೀಲಿ ಇದೆಯಲ್ಲ, ಅದು ಪ್ರಷ್ಯನ್ ಬ್ಲೂ, ಬರ್ಲಿನ್ನಿನಲ್ಲಿ ಹುಟ್ಟಿದ ಬಣ್ಣ. ಹೊರಗಿನಿಂದ ಆಮದಾಗಿ ಬಂದಿದ್ದು. ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕಬ್ಬಿಣದ ಟೆಸ್ಟ್ ಮಾಡುವಾಗ ಟೆಸ್ಟ್‌ಟ್ಯೂಬಿನಲ್ಲಿ ಕಾಣಿಸಿದ ಅದೇ ನೀಲಿ. ಯುರೋಪು ಜಪಾನಿನ ಚಿತ್ರಕ್ಕೆ ಮರುಳಾಗುವ ಮೊದಲೇ ಜಪಾನು ಯುರೋಪಿನ ನೀಲಿಗೆ ಮರುಳಾಗಿತ್ತು.

ಚಿತ್ರದಲ್ಲಿ ಹೊಳೆಯ ಮೇಲೆ ಒಬ್ಬ ತೆಪ್ಪ ನಡೆಸುತ್ತಿದ್ದಾನೆ, ಮೈಮೇಲೆ ಹುಲ್ಲಿನ ಮಳೆಯಂಗಿ. ಸಾಗರದವನು ಮಾತ್ರ ಅದನ್ನು ನೋಡಿ “ನಮ್ಮಜ್ಜ ಗೊರಬೆ ಹಾಕ್ಕೊಂಡು ಗದ್ದೆಗೆ ಹೋಗ್ತಿದ್ದಂಗೇ ಇದೆ” ಅಂದ. ಆವತ್ತಿನಿಂದ ಆ ಚಿತ್ರ ಕೀಬೋರ್ಡಿನವನ ಗೋಡೆಯಿಂದ ರೂಮಿನ ಮಧ್ಯದ ಗೋಡೆಗೆ ಬಂತು.

ಇಂಥದ್ದೊಂದು ಪ್ರತಿ ಫ್ರೆಡ್ಡಿಯ ಹತ್ತಿರ ಇತ್ತು. ಇದೊಂದೇ ಅಲ್ಲ, ಮರದಚ್ಚಿನ ಚಿತ್ರಗಳು, ಕಿಮೋನೊಗಳು, ಅರಗಿನ ಪೆಟ್ಟಿಗೆಗಳು, ಪಿಂಗಾಣಿ, ಹೀಗೆ ಮನೆ ತುಂಬಾ ಜಪಾನು. ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ ಗಾರ್ಡನ್ ಲಾಡ್ಜ್ ಅನ್ನುವ ಮನೆ ಅವನದು. ತೋಟದಲ್ಲಿ ಕೊಳ ತೋಡಿಸಿ ಕೋಯಿ ಮೀನು ಸಾಕಿದ್ದ. 1986ರ ಆಗಸ್ಟ್ 9ಕ್ಕೆ ನೆಬ್‌ವರ್ತ್‌ನಲ್ಲಿ ಕ್ವೀನ್ ಜೊತೆ ಅವನ ಕೊನೆಯ ಕಾರ್ಯಕ್ರಮ ಆಯಿತು. ಅದೇ ವರ್ಷ ಅವನು ಮತ್ತೆ ಜಪಾನಿಗೆ ಹೋದ. ಈ ಸಲ ಬ್ಯಾಂಡ್ ಇಲ್ಲ, ಮೈಕ್ ಇಲ್ಲ. ಜೊತೆಗಾರ ಜಿಮ್ ಹಟ್ಟನ್ ಜೊತೆ ಬರೀ ಟೂರಿಸ್ಟ್ ಆಗಿ ಸುತ್ತಿ, ನೋಡಿ, ಕೈ ಬಿಚ್ಚಿ ಖರ್ಚು ಮಾಡಿ ಬಂದ.

ಇಲ್ಲಿ ನಮಗೆ ವಿಚಿತ್ರ ಅನ್ನಿಸಿದ್ದು ಒಂದಿದೆ. ಇಷ್ಟೆಲ್ಲ ಹುಚ್ಚು ಇದ್ದವನ ಹಾಡುಗಳಲ್ಲಿ ಜಪಾನು ಎಲ್ಲಿ? ಹೆಚ್ಚು ಕಮ್ಮಿ ಇಲ್ಲವೇ ಇಲ್ಲ. ಡೇವಿಡ್ ಬೋವಿಯನ್ನು ತಗೊಳ್ಳಿ. 1973ರಲ್ಲೇ ಕನ್ಸಾಯ್ ಯಮಾಮೊಟೊ ಮಾಡಿಕೊಟ್ಟ ವೇಷ ಹಾಕಿ ವೇದಿಕೆ ಮೇಲೆ ನಿಂತವನು, 1977ರ ಆಲ್ಬಮ್ಮಿನಲ್ಲಿ ಕೊಟೊ ನುಡಿಸಿದವನು. ಅವನ ಜಪಾನು ಎಲ್ಲರಿಗೂ ಕಾಣುತ್ತೆ. ಫ್ರೆಡ್ಡಿ ವೇದಿಕೆ ಮೇಲೆ ಮಾಡಿದ್ದು ಅಂದರೆ ಎಪ್ಪತ್ತರ ದಶಕದಲ್ಲಿ ಕಾರ್ಯಕ್ರಮದ ಕೊನೆಗೆ ಕಿಮೋನೊ ಉಟ್ಟು ಬಂದು, ಹಾಡುತ್ತಾ ಅದನ್ನು ಕಳಚುವುದು. 1975ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಹ್ಯಾಮರ್‌ಸ್ಮಿತ್‌ನಲ್ಲಿ ನಡೆದ ಕಾರ್ಯಕ್ರಮದ ವಿಡಿಯೋದಲ್ಲಿ ನೋಡಬಹುದು. ಜನ ಕಿರುಚುತ್ತಾರೆ. ನಮಗೆ ಅದು ಅಷ್ಟು ಹಿಡಿಸಲಿಲ್ಲ. 1988ರ ‘ಬಾರ್ಸಿಲೋನಾ’ ಆಲ್ಬಮ್ಮಿನಲ್ಲಿ ಮೊಂಟ್ಸೆರಾಟ್ ಕಬಾಯೆ ಜೊತೆ ಹಾಡಿದ ‘ಲಾ ಜಪೊನೇಸ್’ ಇದೆ, ಜಪಾನೀ ಮಾತುಗಳೂ ಇವೆ. ಹಾಡಿದ್ದು ಅದ್ಭುತ, ಆದರೆ ಟ್ಯೂನು ಪ್ರವಾಸೋದ್ಯಮ ಇಲಾಖೆಯ ಜಾಹೀರಾತಿನ ಹಾಗಿದೆ ಅಂತ ನಮ್ಮ ಅಭಿಪ್ರಾಯ. (ಕೀಬೋರ್ಡಿನವನು ಈ ವಾಕ್ಯ ತೆಗೆಸಲು ನೋಡಿದ. ಮೂರಕ್ಕೆ ಒಂದು ವೋಟು, ಉಳಿಯಿತು.)

ಅಂದರೆ ಅವನ ಜಪಾನು ಇದ್ದದ್ದು ಮನೆಯಲ್ಲಿ. ಯಾರೂ ಟಿಕೆಟ್ ಕೊಂಡು ಬರದ ಜಾಗದಲ್ಲಿ.

ಮನೆಯಲ್ಲಿ ಇದ್ದ ಇನ್ನೊಂದು ಜಪಾನೀ ವಸ್ತುವನ್ನು ಮರೆಯಬಾರದು. 1975ರಲ್ಲಿ ಕೊಂಡ ಯಮಹಾ ಬೇಬಿ ಗ್ರ್ಯಾಂಡ್ ಪಿಯಾನೊ. ನಮ್ಮ ಕಡೆ ಯಮಹಾ ಅಂದರೆ ಆರ್‌ಎಕ್ಸ್ 100. ಆ ಬೈಕಿನ ಟ್ಯಾಂಕ್ ಮೇಲಿನ ಲೋಗೊ ನೋಡಿ, ಮೂರು ಟ್ಯೂನಿಂಗ್ ಫೋರ್ಕು. ಕಂಪನಿ ಮೊದಲು ವಾದ್ಯ ಮಾಡುತ್ತಿದ್ದದ್ದು, ಬೈಕು ಆಮೇಲೆ ಬಂದಿದ್ದು. ‘ಬೊಹೀಮಿಯನ್ ರಾಪ್ಸಡಿ’ ಆಕಾರಕ್ಕೆ ಬಂದದ್ದು ಈ ಪಿಯಾನೊ ಮೇಲೆ. ಅದರ ಹತ್ತಿರ ಕೂತಾಗ ಅವನು ಸಿಗರೇಟು ಸೇದುತ್ತಿರಲಿಲ್ಲ, ಅದರ ಮೇಲೆ ಯಾರಿಗೂ ಒಂದು ಗ್ಲಾಸು ಇಡೋಕೆ ಬಿಡುತ್ತಿರಲಿಲ್ಲ ಅಂತ ಅವನ ಗೆಳತಿ ಮೇರಿ ಆಸ್ಟಿನ್ ಹೇಳಿದ್ದಾರೆ.

ಅವನು 1991ರ ನವೆಂಬರ್ 24ರಂದು ಏಡ್ಸ್‌ನಿಂದ ತೀರಿಕೊಂಡ. 45 ವರ್ಷ. ಮನೆ ಮೇರಿ ಆಸ್ಟಿನ್ ಅವರಿಗೆ ಹೋಯಿತು, ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಹಾಗೇ ಇಟ್ಟರು. ಕೊನೆಗೆ 2023ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಸದಬೀಸ್‌ನಲ್ಲಿ ಎಲ್ಲ ಹರಾಜಾಯಿತು. ಒಟ್ಟು ಸುಮಾರು 4 ಕೋಟಿ ಪೌಂಡು. ಪಿಯಾನೊ 17 ಲಕ್ಷ ಪೌಂಡು ದಾಟಿತು. ಆ ಮಳೆಯ ಚಿತ್ರ ಸುಮಾರು 2.9 ಲಕ್ಷ ಪೌಂಡಿಗೆ ಹೋಯಿತು. ಎಡೋ ಕಾಲದಲ್ಲಿ ಇಂಥ ಹಾಳೆಗೆ ಒಂದು ಬಟ್ಟಲು ನೂಡಲ್ಸಿನ ಆಸುಪಾಸಿನ ಬೆಲೆ ಇತ್ತಂತೆ. ನಮ್ಮ ಕಲರ್ ಜೆರಾಕ್ಸಿಗೆ ಮೂವತ್ತು ರೂಪಾಯಿ.

ಈ ಹರಾಜಿನ ಮೇಲೆ ರೂಮಿನಲ್ಲಿ ಒಂದು ರಾತ್ರಿ ಜಗಳವೇ ಆಯಿತು. ನಮ್ಮ ವಾದ ಇಷ್ಟೇ: ದುಡ್ಡಿದ್ದವನು ಕೊಂಡ, ಅದರಲ್ಲೇನು ಪ್ರೀತಿ? ಹುಟ್ಟಿದ ಜಾಂಜಿಬಾರಿನ ಬಗ್ಗೆ, ಬೆಳೆದ ಪಂಚಗನಿಯ ಬಗ್ಗೆ ಸಾರ್ವಜನಿಕವಾಗಿ ಹೆಚ್ಚು ಮಾತೇ ಆಡದವನು ಜಪಾನಿನ ಕಪ್ಪು ಬಸಿ ಕೂಡಿಸಿಟ್ಟರೆ ಅದು ಶೋಕಿ ಅಲ್ವಾ? ಕೀಬೋರ್ಡಿನವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅವನ ಹಿಂದಿ ಕನ್ನಡ ಇಂಗ್ಲಿಷಿನಲ್ಲಿ ಹೇಳಿದ್ದರ ಸಾರ ಹೀಗೆ. ಜಾಂಜಿಬಾರಿನಿಂದ ಅವರ ಮನೆಯವರು ಓಡಿಬಂದಿದ್ದು 1964ರ ಕ್ರಾಂತಿಯಾದಾಗ. ಪಂಚಗನಿಗೆ ಕಳಿಸಿದ್ದು ಅಪ್ಪ ಅಮ್ಮ. ಇಂಗ್ಲೆಂಡು ವಿಧಿ ಇಲ್ಲದೆ. ಅವನ ಎಲ್ಲ ಊರೂ ಬೇರೆಯವರು ಕೊಟ್ಟಿದ್ದು, ಯಾರೂ ಹೇಳದೆ ತಾನೇ ಆರಿಸಿಕೊಂಡಿದ್ದು ಇದೊಂದೇ. “ನನಗೂ ಇಲ್ಲಿ ಸೀಟು ಕೊಟ್ಟಿದ್ದು ಕೌನ್ಸೆಲಿಂಗ್ ಸಾಫ್ಟ್‌ವೇರು” ಅಂದ. “ಆದರೆ ಕನ್ನಡ ಸಂಘಕ್ಕೆ ಸೇರು ಅಂತ ಯಾರೂ ಹೇಳಿರಲಿಲ್ಲ.”

ಆಗ ನಾವು ಯಾರೂ ಮಾತಾಡಲಿಲ್ಲ. ಯಾಕೆಂದರೆ ಅದು ಡಿಸೆಂಬರ್, ನವೆಂಬರ್‌ನಲ್ಲಿ ಆಗಬಾರದ್ದು ಆಗಿಹೋಗಿತ್ತು.

ಆ ವರ್ಷದ ರಾಜ್ಯೋತ್ಸವಕ್ಕೆ ಅವನು ಒಂದು ಭಾವಗೀತೆ ಹಾಡಿದ. ನಾವೇ ಒತ್ತಾಯ ಮಾಡಿ ನಿಲ್ಲಿಸಿದ್ದು. ಒಂದು ತಿಂಗಳು ಪ್ರಾಕ್ಟೀಸು ಮಾಡಿದ, ಸಾಹಿತ್ಯವನ್ನು ದೇವನಾಗರಿಯಲ್ಲಿ ಬರೆದುಕೊಂಡಿದ್ದ. ಶ್ರುತಿ ಕೂದಲಷ್ಟೂ ಆಚೀಚೆ ಆಗಲಿಲ್ಲ. ಆದರೆ ‘ಎ’ ಬಂದಲ್ಲೆಲ್ಲ ‘ಏ’, ‘ಳ’ ಬಂದಲ್ಲೆಲ್ಲ ‘ಲ’. ‘ಎಲೆ’ ಅನ್ನೋದು ‘ಏಲೇ’ ಆದಾಗ ಸಭೆ ಹೋ ಅಂದಿತು. ಪ್ರತಿ ಸಲವೂ ಅಂದಿತು. ಅವನು ಅದನ್ನು ಮೆಚ್ಚುಗೆ ಅಂದುಕೊಂಡು ಇನ್ನೂ ಎದೆ ತುಂಬಿ ಹಾಡಿದ. ನಾವು ಅದೇ ತುಣುಕನ್ನು ರೀಲ್ ಮಾಡಿ ‘ನಮ್ಮ ಹುಡುಗ ಕ್ಯೂಟ್’ ಅಂತ ಬರೆದು ಹಾಕಿದೆವು. ಸತ್ಯವಾಗಿ ಹೇಳ್ತೀವಿ, ಕೆಟ್ಟ ಉದ್ದೇಶ ಇರಲಿಲ್ಲ. ಎರಡು ದಿನದಲ್ಲಿ ಇಪ್ಪತ್ತು ಸಾವಿರ ಜನ ನೋಡಿದರು. ಕೆಳಗಿನ ಕಾಮೆಂಟುಗಳನ್ನು ಅವನು ಟ್ರಾನ್ಸ್‌ಲೇಟ್ ಒತ್ತಿ ಒತ್ತಿ ಓದಿದನಂತೆ, ಕೂತು, ಎಲ್ಲವನ್ನೂ.

ಜಗಳ ಆಡಲಿಲ್ಲ. “ಇಟ್ಸ್ ಓಕೆ ಯಾರ್” ಅಂದ. ಹೆಡ್‌ಫೋನ್ ಹಾಕಿಕೊಂಡ. ಸಂಘದ ಮೀಟಿಂಗಿಗೆ ಬರೋದು ನಿಂತಿತು. ನಾವು ರೀಲ್ ತೆಗೆದೆವು, ಅಷ್ಟರಲ್ಲಿ ಬೇರೆ ಯಾರೋ ಡೌನ್‌ಲೋಡ್ ಮಾಡಿ ಬೇರೆ ಪೇಜಿನಲ್ಲಿ ಹಾಕಿಯಾಗಿತ್ತು.

ಮಾರ್ಚಿನ ಫೆಸ್ಟ್ ಹತ್ತಿರ ಬಂದಾಗ ಬ್ಯಾಂಡಿಗೆ ಕೀಬೋರ್ಡ್ ಬೇಕೇ ಬೇಕಾಯಿತು. ಕೇಳೋಕೆ ಮುಖ ಇರಲಿಲ್ಲ, ಆದರೂ ಕೇಳಿದೆವು. ಒಂದೇ ಹಾಡು ನುಡಿಸ್ತೀನಿ, ಅದನ್ನು ನಾನೇ ಆರಿಸ್ತೀನಿ, ಹಾಡೋದು ನೀವು, ಅಂದ. ಆರಿಸಿದ್ದು ‘ತೆ ಒ ತೊರಿಅತ್ತೆ’.

1976ರ ಡಿಸೆಂಬರ್‌ನಲ್ಲಿ ಬಂದ ‘ಎ ಡೇ ಅಟ್ ದ ರೇಸಸ್’ ಆಲ್ಬಮ್ಮಿನ ಕೊನೆಯ ಹಾಡು ಅದು. ಬರೆದದ್ದು ಫ್ರೆಡ್ಡಿ ಅಲ್ಲ, ಗಿಟಾರಿಸ್ಟ್ ಬ್ರಯನ್ ಮೇ. ಜಪಾನಿನ ಅಭಿಮಾನಿಗಳಿಗೆ ಅಂತಲೇ ಬರೆದದ್ದು, ಪಲ್ಲವಿ ಜಪಾನೀ ಭಾಷೆಯಲ್ಲಿದೆ. ಅನುವಾದಕ್ಕೆ ನೆರವಾದವರು ಚಿಕಾ ಕುಜಿರಾಓಕಾ. ಫ್ರೆಡ್ಡಿ ಅದನ್ನು ಹಾಡಿದ್ದು ಕೇಳಿದರೆ ಕಷ್ಟಪಟ್ಟು ಕಲಿತದ್ದು ಗೊತ್ತಾಗುತ್ತೆ. ವೇದಿಕೆ ಮೇಲಿನ ಅವನ ಜಂಬ ಒಂದು ಚೂರೂ ಇಲ್ಲ. ಹಾಡಿನಲ್ಲಿ ಹಾರ್ಮೋನಿಯಂ ಇದೆ! ಕೊನೆಗೆ ಆಲ್ಬಮ್ ಶುರುವಾದಾಗಿನ ಅದೇ ಶೆಪರ್ಡ್ ಟೋನ್ ಮತ್ತೆ ಬರುತ್ತೆ, ಏರುತ್ತಲೇ ಇರುವ ಹಾಗೆ ಕೇಳಿಸಿ ಎಲ್ಲಿಗೂ ಏರದ ಧ್ವನಿ. ಅದನ್ನು ಮಾತ್ರ ನಮ್ಮ ಇ.ಸಿ.ಯವನು ಪೈಥಾನ್‌ನಲ್ಲಿ ಮಾಡಿಕೊಂಡ, ಸಿಗ್ನಲ್ಸ್ ಪೇಪರ್ ಪಾಸಾದ ಮೇಲೆ ಮೊದಲ ಸಲ ಅದರಿಂದ ಉಪಯೋಗ ಆಯಿತು. ಹಾರ್ಮೋನಿಯಂ ಅನ್ನು ಹಾಸ್ಟೆಲ್ ಹಿಂದಿನ ಗುಡಿಯ ಭಜನೆಯವರ ಹತ್ತಿರ ಕೇಳಿ ತಂದೆವು. ಶನಿವಾರ ಸಂಜೆ ಭಜನೆಗೆ ವಾಪಸ್ ಇರಬೇಕು ಅನ್ನೋ ಕಂಡೀಷನ್ ಮೇಲೆ.

ಉಳಿದದ್ದು ನಾಲಿಗೆ. ರೆಕಾರ್ಡ್ ಮೇಲೆ ಹಾಡಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಆರ್ ಎರಡು ಸಲ ಹಾಕಿದ್ದಾರೆ. ಅದನ್ನು ನೋಡಿ ನಾವು ‘ಟಿಯೋ ಟೋರ್ರಿಯಾಟ್ಟೆ’ ಅಂತ ಹೊಡೆಯುತ್ತಿದ್ದೆವು. ಪ್ಲೇಸ್‌ಮೆಂಟಿಗೆ ಅಂತ ಕಾಲೇಜಿನಲ್ಲಿ ವಾರಕ್ಕೊಮ್ಮೆ ಜಪಾನೀ ಕ್ಲಾಸ್ ನಡೆಯುತ್ತೆ, ಅಲ್ಲಿನ ಮೇಡಂ ಹತ್ತಿರ ಹೋದೆವು. ಕನ್ನಡದವರೇ, ಹಲವು ವರ್ಷ ಜಪಾನಿನಲ್ಲಿದ್ದವರು. ಅವರ ಮುಂದೆ ಹಾಡಿದೆವು. ನಗುತ್ತಾರೆ ಅಂದುಕೊಂಡಿದ್ದೆವು, ನಗಲಿಲ್ಲ. ಪೂರ್ತಿ ಕೇಳಿ, “ಮಾತ್ರೆ ತಪ್ಪುತ್ತಿದೆ” ಅಂದರು.

ಮಾತ್ರೆ?

ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದರು: ತೆ ಒ ತೊರಿಅತ್ತೆ. “ಎಸ್ಸೆಸ್ಸೆಲ್ಸಿಯಲ್ಲಿ ಪ್ರಸ್ತಾರ ಹಾಕಿದ್ದೀರಿ ತಾನೇ? ಹಾಕಿ.” ಹಾಸನದವನು ಎದ್ದುಹೋಗಿ ಹಾಕಿದ. ತೆ ಲಘು, ಒ ಲಘು, ತೊ ಲಘು, ರಿ ಲಘು. ಒತ್ತಕ್ಷರದ ಹಿಂದಿನ ಅ ಗುರು, ಎರಡು ಮಾತ್ರೆ. ತ್ತೆ ಲಘು. ಒಟ್ಟು ಏಳು. “ಜಪಾನೀಯರೂ ಇದನ್ನು ಹೀಗೇ ಎಣಿಸೋದು” ಅಂದರು ಮೇಡಂ. ಅವರ ಲೆಕ್ಕದಲ್ಲೂ ಒತ್ತಿಗೆ ಪೂರ್ತಿ ಒಂದು ಮಾತ್ರೆ ಸಲ್ಲುತ್ತೆ. ತೆ, ಒ, ತೊ, ರಿ, ಅ, ತ್, ತೆ, ಏಳು. ಹೈಕುವಿನ ಐದು ಏಳು ಐದು ಅನ್ನೋದೂ ಇದೇ ಎಣಿಕೆ. ಹತ್ತನೇ ಕ್ಲಾಸಿನಲ್ಲಿ ಮೂರು ಮಾರ್ಕ್ಸಿಗೆ ಕಲಿತು ಮರೆತದ್ದು ಟೋಕಿಯೋದಲ್ಲಿ ಚಲಾವಣೆಯಲ್ಲಿದೆ!

ಆಮೇಲೆ ಬಿಡಿಸಿ ಹೇಳಿದರು. ತೆ ಅಂದರೆ ಕೈ. ಒ ಅಂದರೆ ನಮ್ಮ ‘ಅನ್ನು’. ತೊರಿಅತ್ತೆ ಅಂದರೆ ಒಬ್ಬರದನ್ನೊಬ್ಬರು ಹಿಡಿದು. ಕೈ-ಯನ್ನು-ಹಿಡಿದು. ಪದ ಪದಕ್ಕೂ ಅದೇ ಸಾಲು, ವಿಭಕ್ತಿ ಪ್ರತ್ಯಯ ನಾಮಪದದ ಬೆನ್ನಿಗೆ, ಕ್ರಿಯಾಪದ ಕೊನೆಗೆ. ‘ಹಿಡಿದು’ ಅಂತ ನಿಲ್ಲಿಸಿದರೆ ಮುಂದೇನೋ ಬರಬೇಕು ಅನ್ನಿಸುತ್ತಲ್ಲ, ಅಲ್ಲೂ ಹಾಗೇ ಅನ್ನಿಸುತ್ತಂತೆ. ಇಂಗ್ಲಿಷಿನವರು ಇದನ್ನು ತಿರುಗಿಸಿ ಮುರುಗಿಸಿ ಹೇಳಬೇಕು. ಫ್ರೆಡ್ಡಿ ಗುರುತೇ ಇಲ್ಲದ ದಾರಿಯಲ್ಲಿ ನಡೆದು ಹಾಡಿದ್ದನ್ನು ನಾವು ಮನೆಯ ಓಣಿಯಲ್ಲಿ ನಡೆದ ಹಾಗೆ ಹಾಡಬಹುದಿತ್ತು. ಅಷ್ಟು ದಿನ ಅದನ್ನೇ ತಪ್ಪಾಗಿ ಹಾಡುತ್ತಿದ್ದೆವು.

“ರ ನಮ್ಮ ರನೇ. ಒಕಾರ ಹ್ರಸ್ವ, ಎಕಾರ ಹ್ರಸ್ವ. ಎಳೀಬೇಡಿ. ಅತ್ತೆ ಅನ್ನೋಕೆ ಬರುತ್ತಲ್ಲ? ಅಷ್ಟೇ. ಇನ್ನೊಂದು ಸಲ.” ಇನ್ನೊಂದು ಸಲ, ಇನ್ನೊಂದು ಸಲ ಅಂತ ಹದಿನೈದು ಸಲ ಹಾಡಿಸಿದರು. ಒಂದು ಸಲವೂ ಕ್ಯೂಟ್ ಅನ್ನಲಿಲ್ಲ. ನಮ್ಮ ಹಿಂದೆ ಬೆಂಚಿನ ಮೇಲೆ ಹಾರ್ಮೋನಿಯಂ ಇಟ್ಟುಕೊಂಡು ಕೂತಿದ್ದವನ ಕಡೆ ತಿರುಗಿ ನೋಡೋಕೆ ನಮಗೆ ಆಗಲಿಲ್ಲ. ಅವನು ರಾಜ್ಯೋತ್ಸವಕ್ಕೆ ಒಂದು ತಿಂಗಳು ಪ್ರಾಕ್ಟೀಸು ಮಾಡುವಾಗ ಅದೇ ರೂಮಿನಲ್ಲಿ ಮೂವರು ಇದ್ದೆವು. ‘ಎ’ ಅಂದರೆ ‘ಏ’ ಅಲ್ಲ ಕಣೋ, ಇನ್ನೊಂದು ಸಲ ಹೇಳು, ಅಂತ ಒಬ್ಬರೂ ಹೇಳಿರಲಿಲ್ಲ. ತಮಾಷೆ ಕೆಡುತ್ತೆ ಅಂತಲೋ ಏನೋ.

ಆ ರಾತ್ರಿ ಕ್ಷಮೆ ಕೇಳಿದೆವು. ಮೊದಲೂ ಕೇಳಿದ್ದೆವು, ಆದರೆ ಅದು ರೀಲ್ ವೈರಲ್ ಆಗಿದ್ದಕ್ಕೆ. ಈ ಸಲ ಯಾವುದಕ್ಕೆ ಅಂತ ಹೇಳಿ ಕೇಳಿದೆವು. ಅವನು “ಹ್ಞೂಂ” ಅಂದ. ಲೈಟು ಆರಿಸಿ ಅಂದ.

ಫೆಸ್ಟಿನ ದಿನದ ಬಗ್ಗೆ ಹೇಳೋಕೆ ಹೆಚ್ಚಿಲ್ಲ. ನಮ್ಮ ಸ್ಲಾಟ್ ಊಟದ ಹೊತ್ತಿಗೆ ಬಂತು, ಒಂದು ಮಾನಿಟರ್ ಸ್ಪೀಕರ್ ಸತ್ತಿತ್ತು, ಮುಂದೆ ಇದ್ದವರು ಹೆಚ್ಚೆಂದರೆ ಮೂವತ್ತು ಜನ. ಯಾರೂ ಹೋ ಅನ್ನಲಿಲ್ಲ, ಹಾಡು ಗೊತ್ತಿದ್ದವರೇ ಇರಲಿಲ್ಲ. ಮೇಡಂ ಎರಡನೇ ಸಾಲಿನಲ್ಲಿ ಕೂತು ಬೆರಳಲ್ಲಿ ಮಾತ್ರೆ ಎಣಿಸುತ್ತಿದ್ದರು. ಹಾರ್ಮೋನಿಯಂ ಮಾತ್ರ ಚೆನ್ನಾಗಿ ಬಂತು.

ಈ ಜುಲೈನಲ್ಲಿ ರೂಮಿಗೆ ವಾಪಸ್ ಬಂದಾಗ ಮಳೆಯ ಚಿತ್ರದ ಪಕ್ಕದಲ್ಲಿ ಇನ್ನೊಂದು ಹಾಳೆ ಅಂಟಿತ್ತು. ಮೇಡಂ ಬೋರ್ಡಿನ ಮೇಲೆ ಬರೆದಿದ್ದನ್ನು ನಾವು ಇಳಿಸಿಕೊಂಡಿದ್ದ, ಕನ್ನಡ ಅಕ್ಷರದ ಹಾಡಿನ ಹಾಳೆ. ಅಲ್ಲಲ್ಲಿ ಪೆನ್ಸಿಲಿನಲ್ಲಿ ಒಂದೊಂದೇ ಅಕ್ಷರವನ್ನು ಯಾರೋ ಕೆಳಗೆ ತಿದ್ದಿದ್ದರು, ಒ ಬೇರೆ, ಓ ಬೇರೆ, ಎ ಬೇರೆ, ಏ ಬೇರೆ. ದೇವನಾಗರಿಯಲ್ಲಿ ಇದನ್ನು ಬರೆಯೋಕೆ ಹೋಗಿ ಆಗಲಿಲ್ಲ, ಅಲ್ಲಿ ನಮ್ಮ ಹಾಗೆ ಹ್ರಸ್ವ ಒ ಇಲ್ಲ, ಅದಕ್ಕೆ ನಿಮ್ಮದನ್ನೇ ಕಲಿಯೋಣ ಅಂತ ಶುರು ಮಾಡಿದೆ ಅಂದ. ರಜೆಯಲ್ಲಿ ಊರಲ್ಲಿ ಕೂತು ಕಲಿತನಂತೆ. ಓದು ನೋಡೋಣ ಅಂದೆವು. ಬೆರಳಿಟ್ಟು ಓದಿದ.

“ತೆ. ಒ. ತೊ, ರಿ, ಅತ್ತೆ.”

ಒಂದು ಕ್ಷಣ ನಿಲ್ಲಿಸಿ ಹಾಳೆಯನ್ನೇ ನೋಡಿದ.

“ಅತ್ತೆ ಮತಲಬ್ ಬುವಾ, ನಾ? ಈ ಹಾಡಲ್ಲಿ ಯಾರ ಅತ್ತೆ ಬಂದ್ರು?”